ಚೆಕ್ಕುಬಂದಿ

ಬದಿಯಡ್ಕದ ಸಬ್‌ರಿಜಿಸ್ಟ್ರಾರರ ಕಚೇರಿಯ ಎದುರು
ತಗಡಿನ ಮಾಡಿನಡಿ ಮೂವತ್ತೆರಡು ವರ್ಷ
ಊರವರ ಗಡಿ ಬರೆದೆ.
ಪೂರ್ವಕ್ಕೆ ಅಂದುಂಞಿಯ ಹಿತ್ತಿಲು,
ಪಶ್ಚಿಮಕ್ಕೆ ತೋಡು,
ತೆಂಕಿಗೆ ಪಂಚಾಯತು ದಾರಿ,
ಬಡಗಿಗೆ ಮೋಂತು ಕ್ರಾಸ್ತರ ಗೇರುಗುಡ್ಡೆ.
ಕ್ರಯಪತ್ರಕ್ಕೆ ಇಲ್ಲಿ ಆಧಾರ ಅನ್ನುತ್ತಾರೆ.
ಮೊದಮೊದಲು ಕನ್ನಡದಲ್ಲಿ, ಆಮೇಲೆ ಹೆಚ್ಚೂಕಡಿಮೆ ಮಲಯಾಳದಲ್ಲಿ
ಬಂದವರ ಚಾ ತಣಿಯುವುದರೊಳಗೆ
ಒಂದು ಕುಟುಂಬ, ನಾಲ್ಕು ಪಾಲು.
ಯಾರ ಕಣ್ಣೀರಿಗೂ ನನ್ನ ಶಾಯಿ ಕದಡಿದ್ದಿಲ್ಲ.

ಮೊನ್ನೆ ಬುಧವಾರ ಒಬ್ಬ ಬಂದ.
ಪೆಟ್ರೋಲು ಬಂಕು ಹಾಕುವವನಂತೆ.
ನೀರ್ಚಾಲಿನ ಆಚೆ ಅರುವತ್ತೆರಡು ಸೆಂಟ್ಸು.
ಸರ್ವೆ ನಂಬ್ರ ಹೇಳಿದ, ಬರೆದೆ.
"ಅದರಲ್ಲೊಂದು ಹಳೇ ಕಲ್ಲಿನ ಕೋರೆ ಉಂಟು,
ನೀರು ನಿಂತಿದೆ. ಮಣ್ಣು ತುಂಬಿಸಿದರಾಯಿತು."
ಪೆನ್ನು ನಿಂತಿತು.
"ಶಾಯಿ ಮುಗಿಯಿತಾ?"
ಹೌದೆಂದೆ.

ಹಾಳಾದ ಐವತ್ತು ರೂಪಾಯಿಯ ಮುದ್ರೆಕಾಗದ,
ಹಿಂಬದಿ ಖಾಲಿ.
ಇದು ಮೂರನೇ ರಾತ್ರಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ.
ತುಳುವಿನಲ್ಲಿ ಅತ್ತದ್ದನ್ನು ಬರೆಯಲು
ನನಗೆ ಯಾರೂ ಬೇರೆ ಲಿಪಿ ಕಲಿಸಲಿಲ್ಲ.

ಬರೆದುಕೊಡುವವನು: ಚನಿಯಪ್ಪ, ಶನಿವಾರ ಹುಟ್ಟಿದವ.
ಕೊನೆಯ 'ಅಪ್ಪ' ಶಾಲೆಯ ಮೇಷ್ಟ್ರು ಸೇರಿಸಿದ್ದು.
ಬರೆಸಿಕೊಳ್ಳುವವನು: ತುಕ್ರ, ಶುಕ್ರವಾರದವ,
ಐದೂವರೆ ವರ್ಷ.
ಶಾಲೆಗಿನ್ನೂ ಸೇರಿಸಿರಲಿಲ್ಲ, ಹಾಗಾಗಿ ಬರೀ ತುಕ್ರ.

ಸೊತ್ತಿನ ವಿವರ:
ಸೋಣ ತಿಂಗಳ ಒಂದು ಮಧ್ಯಾಹ್ನ.
ಪೂರ್ವಕ್ಕೆ ಅಪ್ಪ ಕಡಿದ ಮುರಕಲ್ಲಿನ ಗೋಡೆ,
ಪಶ್ಚಿಮಕ್ಕೆ ಗುಂಡಿಯಲ್ಲಿ ನಿಂತ ನೀರು, ಮೇಲೆ ಹಸುರು ಪಾಚಿ,
ತೆಂಕಿಗೆ ನಮ್ಮಿಬ್ಬರ ಗಂಜಿಯ ತೂಕುಪಾತ್ರೆ,
ಬಡಗಿಗೆ ಯಾರೂ ಇಲ್ಲ.

ಅಪ್ಪನ ಉಳಿ ಕದ್ದು ತಂದಿದ್ದೆ.
ಒಂಬತ್ತು ವರ್ಷ ನನಗೆ. ಒತ್ತಕ್ಷರ ಹೊಸತಾಗಿ ಬಂದಿತ್ತು.
ಗೋಡೆಗೆ ಮುಖ ಮಾಡಿ ನನ್ನದೇ ಹೆಸರು ಕೊರೆಯುತ್ತಿದ್ದೆ:
ಚ. ನಿ. ಯ. ಪ.
ಕೆಂಪು ಹುಡಿ ಮೂಗಿಗೆ, ಬಾಯಿಗೆ.
"ಅಣ್ಣಾ, ತೂಲ" ಎಂದ ಬೆನ್ನ ಹಿಂದೆ.
ನಿಲ್ಲು, ಒಂದು ಒತ್ತು ಬಾಕಿ ಎಂದೆ.
"ತೂಲ" ಎಂದ ಇನ್ನೊಮ್ಮೆ.
ನೋಡಲಿಲ್ಲ.
ಏನನ್ನು ತೋರಿಸಲಿಕ್ಕಿತ್ತು ಅವನಿಗೆ?
ಏಡಿಯೋ, ಕಪ್ಪೆಯೋ, ನೀರಿನಲ್ಲಿ ಅವನದೇ ಮುಖವೋ.

ಸಂಜೆ ಎಲ್ಲರಿಗೂ ಹೇಳಿದೆ: ನಾನು ಅಲ್ಲಿ ಇರಲಿಲ್ಲ,
ಉಪ್ಪು ತರಲು ಅಂಗಡಿಗೆ ಹೋಗಿದ್ದೆ.
ಉಪ್ಪು ಎಲ್ಲಿ ಎಂದು ಯಾರೂ ಕೇಳಲಿಲ್ಲ.
ಅಮ್ಮ ಗೋಡೆಯ ಬಳಿ ಹೋಗಿ
ಅಕ್ಷರಗಳ ಗುಂಟ ಹೆಬ್ಬೆರಳು ಆಡಿಸಿದಳು.
ಬೆರಳಿಗೆ ಹತ್ತಿದ ಹುಡಿಯನ್ನು ನೋಡಿ
ಸೆರಗಿಗೆ ಒರೆಸಿಕೊಂಡಳು.
ಅವಳಿಗೆ ಓದಲು ಬರುವುದಿಲ್ಲ
ಎಂದೇ ಇಷ್ಟು ಕಾಲ ನಂಬಿ ಬದುಕಿದೆ.

ಎಲ್ಲ ಆಧಾರದಲ್ಲೂ ಒಂದು ಸಾಲು ಇರುತ್ತದೆ:
ಸದ್ರಿ ಸೊತ್ತಿನ ಮೇಲೆ ಯಾವ ಋಣಭಾರವೂ ಇಲ್ಲ.
ಕೈ ರೂಢಿಯಿಂದ ಅರ್ಧ ಬರೆದೂಬಿಟ್ಟಿತು.
ಹೊಡೆದುಹಾಕಿದೆ.

ಮೊದಲ ರಾತ್ರಿ ಬರೀ ಇಸವಿ ಬರೆದು ಎದ್ದಿದ್ದೆ.
ಎರಡನೆಯದು, ಪಾಚಿಯವರೆಗೆ.
ಇವತ್ತು ಒತ್ತನ್ನು ಅಲ್ಲೇ ಬಿಟ್ಟು
ತಿರುಗಿ ನೋಡಿದೆ.
ನಲ್ವತ್ತಾರು ವರ್ಷ ಅವನಿಗೆ ಮುಖವೇ ಇರಲಿಲ್ಲ,
ಬರೀ ಕೂಗು.
ಈಗ ಬೊಗಸೆಯಲ್ಲಿ ಕಪ್ಪೆ ಹಿಡಿದು ನಿಂತಿದ್ದಾನೆ,
ನಗುತ್ತಾನೆ,
ಮುಂದಿನ ಹಲ್ಲೊಂದು ಬಿದ್ದಿದೆ.
ಹಲ್ಲು ಬಿದ್ದದ್ದು ನನಗೆ ಮರೆತೇ ಹೋಗಿತ್ತು.
ಮಾಡಿನ ಮೇಲೆ ಎಸೆದದ್ದು ನಾನೇ.

ಲೋಟದ ನೀರು ಕುಡಿದು ಬಂದೆ.
ಎಷ್ಟೋ ಕಾಲದ ಮೇಲೆ ನೀರು ಬರೀ ನೀರಿನ ಹಾಗೆ ಇಳಿಯಿತು.
ನಾಳೆ ಹೇಗೋ ಗೊತ್ತಿಲ್ಲ.
ನಾಳೆ ಬಂಕಿನವನಿಗೆ ಅವನ ಕಾಗದ ಕೊಡಬೇಕು,
'ಹಾಳು ಕೋರೆ ಒಂದು' ಎಂದು ನನ್ನ ಕೈಯಿಂದಲೇ ಬರೆದು.

ಚಿತ್ತುಕಾಟಿನ ವಿವರ:
ಇದರಲ್ಲಿ ಹೊಡೆದುಹಾಕಿದ ಇನ್ನೊಂದು ಪದ, 'ಇರಲಿಲ್ಲ'.
ಅದರ ಮೇಲೆ ಬರೆದದ್ದು, 'ಇದ್ದೆ'.
ಬಾಕಿಯಿದ್ದ ಒತ್ತನ್ನು ಕೊಟ್ಟು
ಓದಿ ನೋಡಿ ಒಪ್ಪಿದ ಸಹಿ: ಚನಿಯಪ್ಪ.

ಸಾಕ್ಷಿಯ ಜಾಗ ಖಾಲಿ ಬಿಟ್ಟಿದ್ದೇನೆ,
ಒಂದು ಹೆಬ್ಬೆಟ್ಟಿನಷ್ಟು.